ಮೂರು ಜನಕ್ಕೊಂದು ಮೇಜು

ನನ್ನ ಭಾವನಿಗೆ ಎಣಿಸಲು ಬರುವುದಿಲ್ಲ. ನಗಬೇಡಿ, ನಿಜವಾಗಿಯೂ ಬರುವುದಿಲ್ಲ! ಆಮ್ಸ್ಟರ್‌ಡ್ಯಾಮಿನ ಝೌದಾಸ್‌ ಎಂಬ ಬ್ಯಾಂಕುಗಳ ಬಡಾವಣೆಯಲ್ಲಿ, ಗಾಜಿನ ಕಟ್ಟಡವೊಂದರಲ್ಲಿ ಕುಳಿತು ದಿನವಿಡೀ ಒಂದು ಬ್ಯಾಂಕಿನ ಲೆಕ್ಕ ತಪ್ಪದಂತೆ ನೋಡಿಕೊಳ್ಳುವ ಮನುಷ್ಯ. ಒಂದು ಸೆಂಟು ಆಚೀಚೆಯಾದರೂ ಅವರಿಗೆ ಅನ್ನ ಸೇರುವುದಿಲ್ಲವಂತೆ. ಆದರೆ ತಿಂಗಳಿಗೊಮ್ಮೆ ಲೈಡನ್ನಿನ ಪುಟ್ಟ ಜಪಾನಿ ಹೋಟೆಲೊಂದರಲ್ಲಿ ಮೇಜು ಕಾದಿರಿಸುವಾಗ ಮಾತ್ರ ಲೆಕ್ಕ ಕೈಕೊಡುತ್ತದೆ. ಒಬ್ಬರೇ ಹೋಗುವಾಗ ಎರಡು ಜನಕ್ಕೆ ಎನ್ನುತ್ತಾರೆ. ನಾನೂ ಜೊತೆಗಿದ್ದರೆ ಮೂರು ಜನಕ್ಕೆ ಎನ್ನುತ್ತಾರೆ.

ಮೊದಲ ಸಲ ಅವರ ಜೊತೆ ಹೋದಾಗ ನಾನು ಪೆದ್ದಿಯ ಹಾಗೆ ಕೇಳಿದ್ದೆ: "ಮೂರನೆಯವರು ಯಾರು ಭಾವ?"

"ಎಂತ ಪ್ರಶ್ನೆ ಮಾರಾಯ್ತಿ ಇದು? ನಿನ್ನ ಅಕ್ಕ."

ಅಕ್ಕ ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು.

ನಮ್ಮ ಪರಿಚಯ ಹೇಳಿಬಿಡುತ್ತೇನೆ. ನಮ್ಮದು ಉಡುಪಿ. ಅಕ್ಕ, ಭಾವ ಮದುವೆಯಾದ ಹೊಸತರಲ್ಲೇ ಈ ದೇಶಕ್ಕೆ ಬಂದು ಆಮ್ಸ್ಟರ್‌ಡ್ಯಾಮಿನ ಬೈಟನ್‌ವೆಲ್ಡರ್ಟ್‌ನಲ್ಲಿ ಮನೆ ಮಾಡಿದವರು. ಮಕ್ಕಳಿಲ್ಲ. ನಾನು ಅವರ ಬೆನ್ನು ಹಿಡಿದು ಬಹಳ ತಡವಾಗಿ ಬಂದವಳು, ವಾಗೆನಿಂಗನ್ನಿನ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಕಳೆದ ಚಳಿಗಾಲದ ಕೊನೆಯಲ್ಲಿ ಅಕ್ಕ ಕಾಯಿಲೆ ಬಿದ್ದಳು, ವಸಂತ ಬರುವ ಮೊದಲೇ ಹೋಗಿಬಿಟ್ಟಳು. ಭಾವ ಇಲ್ಲಿಯ ಚಿತಾಗಾರದಲ್ಲಿ ಹೇಳಿದ ಕಡೆ ಸಹಿ ಹಾಕಿ, ಹೇಳಿದ ಕಡೆ ನಿಂತು ಎಲ್ಲ ಮುಗಿಸಿದರು. ಅದರ ನಂತರದ ಯಾವ ಕಾರ್ಯಕ್ಕೂ ಒಪ್ಪಲಿಲ್ಲ. ಅತ್ತದ್ದನ್ನೂ ಯಾರೂ ನೋಡಲಿಲ್ಲ. ಆ ದಿನದಿಂದ ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಒಂದು, "ಭಾವ ಉಣ್ತಾರಾ?" ಇನ್ನೊಂದು, "ಅವಳ ವರ್ಷಾಂತಕ್ಕೆ ಬರ್ತಾರಂತಾ?"

ಎರಡನೆಯದನ್ನು ಕೇಳುವಾಗ ಅಮ್ಮನ ಸ್ವರ ಸಣ್ಣದಾಗುತ್ತದೆ. "ಒಂದು ತುತ್ತು ಅನ್ನ ನನ್ನ ಮಗಳ ಹೆಸರಲ್ಲಿ ಇಡ್ಲಿಕ್ಕೆ ಆಗುದಿಲ್ವಾ ಅವರಿಗೆ? ನಾವು ಯಾರು ಇಟ್ರೂ ಗಂಡ ಇಟ್ಟ ಹಾಗೆ ಆಗ್ತದಾ? ನೀನು ಹೇಳು ಮಗಾ. ನೀನು ಅಲ್ಲೇ ಇದ್ದಿಯಲ್ಲ."

ಅಲ್ಲೇ ಇದ್ದೇನೆ, ನಿಜ. ಆದರೆ ಭಾವನಿಗೆ ಹೇಳುವುದೆಂದರೆ ಗೋಡೆಗೆ ಹೇಳಿದ ಹಾಗೆ. ಒಮ್ಮೆ ಧೈರ್ಯ ಮಾಡಿ ಶ್ರಾದ್ಧದ ಮಾತೆತ್ತಿದೆ. ಅವರು ಕಂಪ್ಯೂಟರಿನಿಂದ ಕಣ್ಣು ಕೂಡ ಎತ್ತದೆ, ನಾನು ಏನೋ ಚಿಲ್ಲರೆ ತಪ್ಪು ಮಾಡಿದ್ದೇನೆ ಎಂಬಂತೆ ತಿದ್ದಿದರು: "ಶ್ರಾದ್ಧ ಸತ್ತವರಿಗೆ ಮಾಡುದು ಮಾರಾಯ್ತಿ." ಎದ್ದು ಹೋಗಿ ಅವರ ಪಾತ್ರೆ ತೊಳೆದೆ. ತೊಳೆಯಲು ಇದ್ದದ್ದು ಒಂದು ಲೋಟ, ಒಂದು ಚಮಚ.

ಇನ್ನು ಆ ಹೋಟೆಲಿನ ವಿಷಯ. ಲೈಡನ್ ಬಹಳ ಹಳೆಯ ಊರು. ನಾಲೆಗಳು, ನಾಲೆಯ ಕಡೆಗೆ ಬಾಗಿ ಇಣುಕುವ ಇಟ್ಟಿಗೆಯ ಮನೆಗಳು, ಕಾಲಿಟ್ಟರೆ ಕಿರುಗುಟ್ಟುವ ಮರದ ನೆಲ. ಅಂಥ ಒಂದು ಮನೆಯ ಹಿಂದಿನ ಕೋಣೆಯಲ್ಲಿ ಹುಲ್ಲಿನ ಚಾಪೆ ಹಾಸಿ, ಮೊಣಕಾಲೆತ್ತರದ ಮೇಜುಗಳನ್ನಿಟ್ಟು, ಬಾಗಿಲಿಗೆ ಅರ್ಧ ಪರದೆ ಇಳಿಬಿಟ್ಟು ಒಬ್ಬ ಜಪಾನಿ ಅಜ್ಜಿ ಹೋಟೆಲು ನಡೆಸುತ್ತಾರೆ. ಬೇಯಿಸುವವರೂ ಅವರೇ, ಬಡಿಸುವವರೂ ಅವರೇ. ನಾಲೆಯ ಪಕ್ಕ ನಡೆದುಕೊಂಡು ಹೋಗುವಾಗ ಭಾವ ಪ್ರತಿ ಸಲವೂ ನನಗೆ ಚರಿತ್ರೆಯ ಪಾಠ ಮಾಡುತ್ತಾರೆ.

"ಜಪಾನಿನವರು ಬಾಗಿಲು ಹಾಕಿ ಕೂತಿದ್ದ ಕಾಲದಲ್ಲಿ, ಯುರೋಪಿನವರ ಪೈಕಿ ವ್ಯಾಪಾರಕ್ಕೆ ಬಿಟ್ಟದ್ದು ಈ ಡಚ್ಚರನ್ನು ಮಾತ್ರ. ಗೊತ್ತುಂಟಾ?"

"ಗೊತ್ತುಂಟು ಭಾವ. ಹೋದ ತಿಂಗಳೂ ಹೇಳಿದ್ದೀರಿ."

"ಹೋದ ತಿಂಗಳು ನೀನು ಸರಿಯಾಗಿ ಕೇಳ್ಲಿಲ್ಲ."

ಬಾಗಿಲು ತೆರೆಸಿಕೊಂಡ ಆ ಡಚ್ಚರ ಮೊಮ್ಮಕ್ಕಳ ಪಾಡು ನೋಡಬೇಕು! ಆರೂವರೆ ಅಡಿ ಎತ್ತರದ ಜನ. ಚಾಪೆಯ ಮೇಲೆ ಕೂತರೆ ಮೊಣಕಾಲು ಕಿವಿಗೆ ಬರುತ್ತದೆ. ಒಂದು ಕಾಲನ್ನು ಮೇಜಿನ ಅಡಿಯಲ್ಲಿ ಆಚೆ ಕಡೆಯವರೆಗೂ ಚಾಚಿ, ಇನ್ನೊಂದನ್ನು ಎಲ್ಲಿಡುವುದೆಂದು ತಿಳಿಯದೆ ಒದ್ದಾಡುತ್ತಿರುತ್ತಾರೆ. ಅವರ ನಡುವೆ ನಮ್ಮ ಭಾವ ಮಠದ ಊಟಕ್ಕೆ ಕೂತ ಹಾಗೆ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಆ ಕೋಣೆಯಲ್ಲಿ ಅವರನ್ನು ಮೀರಿಸಿದ ಜಪಾನಿಯರಿಲ್ಲ, ಅಜ್ಜಿಯನ್ನು ಬಿಟ್ಟರೆ!

ಈ ಹೋಟೆಲನ್ನು ಹುಡುಕಿದವಳು ಅಕ್ಕ. ಬ್ರೆಡ್ಡು ಚೀಸುಗಳ ಈ ದೇಶದಲ್ಲಿ ಹೊರಗೆ ಹೋದರೆ ಅವಳಿಗೆ ಉಪವಾಸವೇ ಗತಿಯಾಗಿತ್ತು. ಈ ಅಜ್ಜಿ ಮಾಡುವುದು ಜಪಾನಿನ ಬೌದ್ಧ ಮಠಗಳ ಅಡುಗೆ. ಮೀನಿಲ್ಲ, ಮೊಟ್ಟೆಯಿಲ್ಲ. ಸಾರಿಗೆ ಕೂಡ ಕಡಲಪಾಚಿ ಮತ್ತು ಒಣ ಅಣಬೆಯ ನೀರು. ಎಲ್ಲಕ್ಕಿಂತ ದೊಡ್ಡ ವಿಚಾರ, ಈರುಳ್ಳಿಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ! ಅಕ್ಕ ಆವತ್ತು ಬಂಗಾರದ ನಿಧಿ ಸಿಕ್ಕಿದವಳಂತೆ ನನಗೆ ಫೋನು ಮಾಡಿದ್ದಳು. "ಸಮುದ್ರ ದಾಟಿ ಬಂದು, ಕೊನೆಗೆ ಮಠದ ಊಟ ಹಾಕಿದ್ದು ಜಪಾನಿನವರು ಮಾರಾಯ್ತಿ! ಅಣಬೆಯ ವಿಷಯ ಮಾತ್ರ ಅಮ್ಮನಿಗೆ ಹೇಳ್ಬೇಡ."

ಭಾವನಿಗೋ, ಆಗ ಆ ಜಾಗ ಕಂಡರೆ ಆಗುತ್ತಿರಲಿಲ್ಲ. ಮೊದಲ ದಿನ ಅಜ್ಜಿ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಪುಟ್ಟ ಟವೆಲನ್ನು ತಂದು ಮುಂದಿಟ್ಟರಂತೆ. ಭಾವ ಅದರಲ್ಲಿ ಕೈ ಒರಸಿದರು, ಮುಖ ಒರಸಿದರು, ಕತ್ತು ಒರಸಿದರು, ಅಂಗಿಯ ಮೇಲಿನ ಗುಂಡಿ ಬಿಚ್ಚಿ ಇನ್ನೂ ಒಳಗೆ ಹೊರಟಿದ್ದರು. ಅಕ್ಕ ಹಲ್ಲು ಕಚ್ಚಿ, "ರೀ, ಅದು ಕೈಗೆ ಮಾತ್ರ!" ಎಂದು ಟವೆಲು ಕಿತ್ತುಕೊಂಡಳಂತೆ. ಆಮೇಲೆ ಒಂದೊಂದೇ ಬಟ್ಟಲು ಬಂತು. ಒಂದರಲ್ಲಿ ಎಳ್ಳಿನ ಹಾಲು ಗಟ್ಟಿ ಮಾಡಿದ ಒಂದು ತುಂಡು, ಇನ್ನೊಂದರಲ್ಲಿ ಎರಡು ಹೋಳು ಗೆಣಸು, ಮತ್ತೊಂದರಲ್ಲಿ ಒಂದು ಚಿಟಿಕೆ ಸೊಪ್ಪು. "ಇದೆಂತದು, ನೈವೇದ್ಯವಾ? ಊಟ ಯಾವಾಗ?" ಎಂದು ಕೇಳಿದ್ದರಂತೆ ಮಹಾರಾಯರು. ಕೊನೆಯಲ್ಲಿ ಅನ್ನ ಬಂದಾಗ ಅಕ್ಕ ತನ್ನ ಬಟ್ಟಲನ್ನೂ ಅವರ ಕಡೆಗೆ ಸರಿಸಿದಳು. ಅವಳಿಗೆ ಯಾವಾಗಲೂ ಅರ್ಧ ಊಟ ಸಾಕು. ಅಷ್ಟಾದರೂ ಹೊಟ್ಟೆ ತುಂಬದೆ ಭಾವ ಸ್ಟೇಷನ್ನಿನ ಹತ್ತಿರ ಆಲೂಗಡ್ಡೆಯ ಫ್ರೈಸಿನ ದೊಡ್ಡ ಪೊಟ್ಟಣ ಕೊಂಡು, ರೈಲಿನಲ್ಲಿ ಇಡೀ ಡಬ್ಬಿಗೆ ವಾಸನೆ ಹಬ್ಬಿಸುತ್ತಾ ತಿಂದರು.

ಅಕ್ಕ ಬಿಡಲಿಲ್ಲ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಅವರನ್ನು ಎಳೆದುಕೊಂಡು ಹೋಗುತ್ತಲೇ ಇದ್ದಳು. ಅಜ್ಜಿಯ ಹತ್ತಿರ ಕೇಳಿ ಕೇಳಿ ಅಲ್ಲಿಯ ರೀತಿ ರಿವಾಜು ಕಲಿತಳು. ಭಾವನಿಗೆ ಹೇಳಿಕೊಡಲು ನೋಡಿದಳು. ಅವರು ಒಂದನ್ನಾದರೂ ಕಿವಿಗೆ ಹಾಕಿಕೊಳ್ಳಬೇಕಲ್ಲ!

ಅಂಥ ಮನುಷ್ಯ ಈಗ ಏನಾಗಿದ್ದಾರೆ ಗೊತ್ತೇ? ಜಪಾನಿ ಊಟದ ಮಡಿವಂತ! ಹೋಟೆಲಿನ ಬಾಗಿಲಲ್ಲಿ ಬೂಟು ಬಿಚ್ಚುವ ಮೊದಲು ನನ್ನನ್ನು ನಿಲ್ಲಿಸಿ ತನಿಖೆ ಮಾಡುತ್ತಾರೆ.

"ಸಾಕ್ಸಲ್ಲಿ ತೂತು ಉಂಟಾ?"

"ಇಲ್ಲ ಭಾವ."

"ಹೆಬ್ಬೆರಳಿನ ಹತ್ರ ನೋಡಿದ್ದಿಯಾ?"

ದಿನವಿಡೀ ಹೊಲದ ಕೆಸರಿನಲ್ಲಿ ಓಡಾಡುವವಳ ಸಾಕ್ಸಿನಲ್ಲಿ ತೂತಿಲ್ಲದೆ ಇರುತ್ತದೆಯೇ? ಒಮ್ಮೆ ಸಿಕ್ಕಿಬಿದ್ದೆ. ಅವರು ಚೀಲದಿಂದ ಹೊಸ ಸಾಕ್ಸ್ ತೆಗೆದು ಕೊಟ್ಟರು. ಅಕ್ಕನ ಅಳತೆಯದು. ನಮ್ಮಿಬ್ಬರ ಪಾದ ಒಂದೇ ಅಳತೆ. ಹಾಕಿಕೊಂಡು ಒಳಗೆ ನಡೆದೆ. ಈಗ ಅಲ್ಲಿಗೆ ಹೋಗುವಾಗಲೆಲ್ಲ ನನ್ನ ಕಾಲಲ್ಲಿ ಅದೇ ಸಾಕ್ಸ್.

ಬಿಸಿ ಟವೆಲು ಬಂದರೆ, "ಕೈಗೆ ಮಾತ್ರ ಆಯ್ತಾ, ಮುಖಕ್ಕೆ ತಾಗಿಸ್ಬೇಡ" ಎಂದು ನನಗೇ ಪಾಠ! ಊಟ ಮಾಡುವ ಜೋಡಿ ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡ ಇಡಬಾರದು, ಕಡ್ಡಿಯಿಂದ ಜನರನ್ನು ತೋರಿಸಬಾರದು, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸಬಾರದು. ಏಕಾದಶಿಯ ನಿಯಮಗಳೂ ಇಷ್ಟಿಲ್ಲ. ಮನೆಯಲ್ಲಿ ಶೇಂಗಾಬೀಜ ಹರಡಿಕೊಂಡು ಕಡ್ಡಿಯಿಂದ ಹೆಕ್ಕಿ ಅಭ್ಯಾಸ ಮಾಡಿದ್ದಾರೆ. ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ದೀಪಾವಳಿಗೆ ನಮ್ಮ ಕನ್ನಡದವರೆಲ್ಲ ಸೇರಿ ಊಟ ಮಾಡುವಾಗ ಕಿಸೆಯಿಂದ ಸ್ವಂತ ಕಡ್ಡಿ ತೆಗೆದು ಚಿತ್ರಾನ್ನ ಉಣ್ಣತೊಡಗಿದರು! ಇಡೀ ಸಭಾಂಗಣ ನೋಡುತ್ತಿತ್ತು. ಎದುರಿಗೆ ಕೂತಿದ್ದ ಒಂದು ಮಗು ಬಹಳ ಮರುಕದಿಂದ ಕೇಳಿತು: "ಅಂಕಲ್, ಈಸ್ ಯುವರ್ ಹ್ಯಾಂಡ್ ಬ್ರೋಕನ್?"

ಆ ದಿನದಿಂದ ಅವರಿಗೆ ಜಪಾನ್ ಭಟ್ರು ಎಂದು ಹೆಸರು ಬಿತ್ತು. ನಾನೂ ನಕ್ಕೆ. ಆದರೆ ಮನೆಗೆ ಹೋಗುವ ಟ್ರಾಮಿನಲ್ಲಿ ನೆನಪಾಯಿತು, ಆ ಕಡ್ಡಿ ಅಕ್ಕನದು.

ಹಾಗೆಂದು ಉಡುಪಿಯನ್ನು ಪೂರ್ತಿ ಬಿಟ್ಟಿದ್ದಾರೆಂದು ತಿಳಿಯಬೇಡಿ. ಊಟಕ್ಕೆ ಮೊದಲು ಕೈಯಲ್ಲಿ ನೀರು ತೆಗೆದುಕೊಂಡು ಎಲೆಯ ಸುತ್ತ ಒಂದು ಸುತ್ತು ಬಿಡುವ ಪದ್ಧತಿ ನಮ್ಮಲ್ಲಿದೆಯಲ್ಲ, ಅದನ್ನು ಭಾವ ಎಲ್ಲಿಯೂ ಬಿಟ್ಟವರಲ್ಲ. ಜಪಾನಿ ತಟ್ಟೆಯ ಸುತ್ತಲೂ ಬಿಡುತ್ತಾರೆ. ಅಜ್ಜಿಗೆ ಅದು ಏನು ಗೊತ್ತು? ಪಾಪ, ಕಪ್ಪು ಅರಗಿನ ಮೇಜಿನ ಮೇಲೆ ನೀರು ಚೆಲ್ಲಿದೆಯೆಂದು ಓಡಿ ಬಂದು ಬಟ್ಟೆಯಿಂದ ಒರಸುತ್ತಿದ್ದರು. ಅವರು ಅತ್ತ ಹೋದ ಕೂಡಲೇ ಭಾವ ಮತ್ತೆ ಸುತ್ತುವುದು. ಅಜ್ಜಿ ಮತ್ತೆ ಒರಸುವುದು. ಭಾವ ಮತ್ತೆ ಸುತ್ತುವುದು! ಸಾರು ತಣ್ಣಗಾದರೂ ಇಬ್ಬರೂ ಸೋಲುತ್ತಿರಲಿಲ್ಲ. ಕೊನೆಗೆ ಅಕ್ಕನೇ ಒಂದು ದಿನ ಅಜ್ಜಿಗೆ ಅರ್ಥ ಹೇಳಿದಳಂತೆ: ಇದು ದೇವರಿಗೆ ಹೇಳಿ ಉಣ್ಣುವ ಕ್ರಮ, ಚೆಲ್ಲಿದ್ದಲ್ಲ ಎಂದು. ಅಂದಿನಿಂದ ಅಜ್ಜಿ ಬಟ್ಟೆ ಹಿಡಿದು ದೂರ ನಿಂತು, ಭಾವ ಸುತ್ತು ಮುಗಿಸುವವರೆಗೆ ತಲೆ ಬಾಗಿಸಿ ಕಾಯುತ್ತಾರೆ. ಬಲಗಡೆಯಿಂದ ಒಂದು ಸುತ್ತು, ಅಷ್ಟೇ. ಆಮೇಲೆ ಒರಸುವುದಿಲ್ಲ.

ಸೇವಿಗೆಯ ದಿನ ಇನ್ನೂ ಮಜ. ತಣ್ಣನೆಯ ಸೇವಿಗೆಯನ್ನು ಜಪಾನಿನವರು ಸದ್ದು ಮಾಡಿಕೊಂಡೇ ಎಳೆಯುತ್ತಾರೆ, ಅದು ಅವರಲ್ಲಿ ಮರ್ಯಾದೆಗೇಡಲ್ಲ. ಭಾವನಿಗೆ ಇದಕ್ಕೆ ತರಬೇತಿಯೇ ಬೇಕಾಗಲಿಲ್ಲ! ಎಲೆಯ ಮೇಲೆ ಹರಿಯುವ ಸಾರನ್ನು ಅಂಗೈಯಲ್ಲಿ ಎತ್ತಿ ಸುರಿದು ಬೆಳೆದ ಜೀವ. ಅವರು ಎಳೆಯುವ ಸದ್ದಿಗೆ ಪಕ್ಕದ ಮೇಜಿನ ಡಚ್ ದಂಪತಿ ಬೆಚ್ಚಿಬಿದ್ದು ತಿರುಗಿ ನೋಡುತ್ತಾರೆ. ಈ ದೇಶಕ್ಕೆ ಬಂದಾಗಿನಿಂದ ಅಕ್ಕ ಅವರಿಗೆ ಹೊರಗೆ ಎಲ್ಲಿ ಹೋದರೂ "ಶಬ್ದ ಮಾಡ್ಬೇಡಿ, ಜನ ನೋಡ್ತಾರೆ" ಎಂದೇ ಹೇಳುತ್ತಾ ಬಂದವಳು. ಈ ಹೋಟೆಲಿಗೆ ಬಂದ ಮೇಲೆ, "ಇನ್ನು ಎಷ್ಟು ಬೇಕಾದ್ರೂ ಸುರೀರಿ, ಯಾರೂ ಬೈಯುದಿಲ್ಲ" ಎಂದು ಅನುಮತಿ ಕೊಟ್ಟಿದ್ದಳಂತೆ. ಅದನ್ನು ಹೇಳುವಾಗ ಭಾವನ ಮುಖ ನೋಡಬೇಕು. ದೊಡ್ಡ ಬಿರುದು ಸಿಕ್ಕಿದವರ ಹಾಗಿರುತ್ತದೆ.

ಆದರೆ ಎಲ್ಲ ನಿಯಮಗಳಿಗೂ ದೊಡ್ಡ ನಿಯಮ ಒಂದಿದೆ. ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳಬಾರದು. ಜೊತೆಗೆ ಕೂತವರ ಲೋಟವನ್ನು ನಾವು ತುಂಬಬೇಕು, ನಮ್ಮದನ್ನು ಅವರು ತುಂಬಬೇಕು. ಅದು ಅವರ ಅಕ್ಕಿಯ ಮದ್ಯಕ್ಕೆ ಇರುವ ಪದ್ಧತಿ. ಭಾವ ಕುಡಿಯುವುದು ಹುರಿದ ಬಾರ್ಲಿಯ ಚಹಾ. ಅಜ್ಜಿ ತಮ್ಮ ಹರಕು ಡಚ್ಚಿನಲ್ಲಿ ಎಷ್ಟೋ ಸಲ ಹೇಳಿದ್ದಾರೆ, "ಚಹಾ ಆದರೆ ನೀವೇ ಹಾಕಿಕೊಳ್ಳಬಹುದು." ಭಾವ ತಮ್ಮ ಇನ್ನೂ ಹರಕು ಡಚ್ಚಿನಲ್ಲಿ, "ನೇ, ನೇ" ಎಂದು ಇಲ್ಲವೆಂಬಂತೆ ತಲೆಯಾಡಿಸುತ್ತಾರೆ. ಜಪಾನಿನ ಪದ್ಧತಿಯನ್ನು ಜಪಾನಿನವರಿಗೇ ಕಲಿಸುವ ಮಹಾನುಭಾವ!

ನಾನು ಅವರ ಜೊತೆ ಹೋಗಲು ತೊಡಗುವ ಮೊದಲಿನ ತಿಂಗಳುಗಳ ಸಂಗತಿಯನ್ನು ಅಜ್ಜಿಯೇ ನನಗೆ ಹೇಳಿದರು. ಇವರು ಬಂದು ಕೂತು, ಎದುರಿಗಿದ್ದ ಖಾಲಿ ಜಾಗದ ಲೋಟಕ್ಕೆ ಚಹಾ ಸುರಿಯುತ್ತಿದ್ದರಂತೆ. ತಮ್ಮ ಲೋಟ ಖಾಲಿ ಇಟ್ಟುಕೊಂಡು ಕಾಯುತ್ತಿದ್ದರಂತೆ. ಮೊದಲ ಸಲ ಚಹಾ ಇಷ್ಟವಾಗಲಿಲ್ಲವೇನೋ ಎಂದುಕೊಂಡರಂತೆ ಅಜ್ಜಿ. ಎರಡನೆಯ ಸಲ ವಿಷಯ ಗೊತ್ತಾಯಿತು. ಬಂದು ಪಕ್ಕದಲ್ಲಿ ಮಂಡಿಯೂರಿ, ಅವರ ಲೋಟ ತುಂಬಿಸಿ ಹೋದರಂತೆ. ಈಗ ಆ ಕೆಲಸ ನನ್ನದು. ಆದರೆ ನಾನು ಕೂರುವುದು ಮೇಜಿನ ಪಕ್ಕಕ್ಕೆ. ಭಾವನ ಎದುರಿನ ಜಾಗ ಯಾರಿಗೂ ಇಲ್ಲ.

ಅಲ್ಲಿ ಅಕ್ಕನ ಹೆಸರಿನ ತಟ್ಟೆ ಬರುತ್ತದೆ, ಲೋಟ ಬರುತ್ತದೆ, ಒಂದಾದ ಮೇಲೊಂದು ಬಟ್ಟಲು ಬರುತ್ತದೆ. ಯಾರೂ ಮುಟ್ಟುವುದಿಲ್ಲ. ಕೊನೆಗೆ ಅನ್ನ ಬಂದಾಗ ಭಾವ ಕೈ ಚಾಚಿ, "ಅಕ್ಕನ ಬಟ್ಟಲು ಇತ್ಲಾಗಿ ಕೊಡು. ಅವಳಿಗೆ ಸಾಕಂತೆ" ಎನ್ನುತ್ತಾರೆ. ನಾನು ಎತ್ತಿ ಕೊಡುತ್ತೇನೆ. ಅವರು ಒಂದು ಅಗುಳೂ ಬಿಡದೆ ಉಣ್ಣುತ್ತಾರೆ. ಇಡೀ ತಿಂಗಳಲ್ಲಿ ಅವರು ಹೊಟ್ಟೆ ತುಂಬ ಉಣ್ಣುವುದು ಆ ಒಂದು ಹೊತ್ತು. ಅದು ಗೊತ್ತಿದ್ದೇ ನಾನು ಎದುರು ಮಾತಾಡದೆ ಬಟ್ಟಲು ಎತ್ತಿ ಕೊಡುವುದು. ಮನೆಯ ಫ್ರಿಜ್ಜಿನಲ್ಲಿ ಅವರಿಗೆ ಮೊಸರಿನ ಡಬ್ಬ, ಒಂದು ಚಟ್ನಿಪುಡಿ, ಇಷ್ಟೇ ಇರುವುದು. ಪ್ಯಾಂಟು ಜಾರುತ್ತದೆಂದು ಬೆಲ್ಟಿಗೆ ಸ್ಕ್ರೂಡ್ರೈವರಿನಿಂದ ಹೊಸ ತೂತು ಕೊರೆದುಕೊಂಡಿದ್ದಾರೆ. ನಾನು ನೋಡಿದ್ದು ಕಂಡು, "ಡಯಟ್ ಮಾರಾಯ್ತಿ" ಎಂದರು. ಅಮ್ಮನ ಮೊದಲ ಪ್ರಶ್ನೆಗೆ ಪ್ರತಿ ಭಾನುವಾರ ನಾನು ಹೇಳುವ ಉತ್ತರ: "ಉಣ್ತಾರೆ ಅಮ್ಮ." ತಿಂಗಳಿಗೊಮ್ಮೆಯಾದರೂ ಅದು ನಿಜ.

ವರ್ಷಾಂತ ಹತ್ತಿರ ಬಂತು. ಅಮ್ಮನ ಫೋನು ಭಾನುವಾರದಿಂದ ದಿನಕ್ಕೊಂದಕ್ಕೆ ಏರಿತು. ಶುಕ್ರವಾರ ಸಂಜೆ ಅಳುತ್ತಲೇ ಹೇಳಿದರು: "ನಾಳೆ ಪುರೋಹಿತರಿಗೆ ಹೇಳ್ಬೇಕು ಮಗಾ. ಅವರು ಬರುದಿಲ್ಲ ಆದ್ರೆ ಬೇರೆ ಯಾರ ಕೈಯಲ್ಲಾದ್ರೂ ಮಾಡಿಸ್ತೇನೆ. ಆದ್ರೆ ಒಮ್ಮೆ ಕೇಳಿ ನೋಡು. ನನ್ನ ಮಗಳು ಹಸಿದುಕೊಂಡು ಹೋದ ಹಾಗಾಗ್ತದೆ."

ಮರುದಿನ ಶನಿವಾರ, ನಮ್ಮ ಲೈಡನ್ನಿನ ದಿನ. ಬಸ್ಸು, ರೈಲು ಹಿಡಿದು ಹೋಗುವಾಗ ದಾರಿಯುದ್ದಕ್ಕೂ ಹೇಗೆ ಕೇಳುವುದೆಂದು ಬಾಯಿಪಾಠ ಮಾಡಿದೆ. ಕೊರೆಯುವ ಚಳಿ. ನಾಲೆಯ ನೀರಿನ ಮೇಲೆ ತೆಳ್ಳಗೆ ಐಸು ಕಟ್ಟಿತ್ತು. ಭಾವ ಸ್ಟೇಷನ್ನಿನಲ್ಲಿ ಕಾಯುತ್ತಿದ್ದರು. ಚರಿತ್ರೆಯ ಪಾಠ ಆಯಿತು, ಸಾಕ್ಸಿನ ತನಿಖೆ ಆಯಿತು. ಒಳಗೆ ಎಳ್ಳಿನ ತುಂಡು ಬಂತು, ಗೆಣಸು ಬಂತು, ಸೊಪ್ಪು ಬಂತು. ಪ್ರತಿ ಬಟ್ಟಲಿಗೂ, ಇದು ಮುಗಿಯಲಿ, ಆಮೇಲೆ ಕೇಳುತ್ತೇನೆ ಎಂದುಕೊಂಡೆ. ಕೇಳಿದರೆ ಆ ಒಂದು ಹೊತ್ತಿನ ಊಟವನ್ನೂ ಬಿಟ್ಟು ಎದ್ದರೆ?

ಅನ್ನ ಬಂತು. ಮೂರು ಬಟ್ಟಲು.

"ಅಕ್ಕನದು ಇತ್ಲಾಗಿ ಕೊಡು. ಅವಳಿಗೆ ಸಾಕಂತೆ."

ನಾನು ಎಡಗೈಯನ್ನು ಆ ಬಟ್ಟಲಿಗೆ ಚಾಚಿದೆ. ಬಲಗೈಯಲ್ಲಿ ಕಡ್ಡಿಗಳಿದ್ದವು. ಅಷ್ಟರಲ್ಲಿ ಪಕ್ಕದ ಚೀಲದೊಳಗಿಂದ ನನ್ನ ಫೋನು ಅರಚಿಕೊಂಡಿತು. ಆ ಕೋಣೆಯಲ್ಲಿ ಜನ ಕೆಮ್ಮುವುದಕ್ಕೂ ಹಿಂದೆ ಮುಂದೆ ನೋಡುತ್ತಾರೆ. ಎಲ್ಲರೂ ನನ್ನ ಕಡೆ ತಿರುಗಿದರು. ಗಾಬರಿಯಲ್ಲಿ ಕಡ್ಡಿಗಳನ್ನು ಆ ಬಟ್ಟಲಿನ ಅನ್ನಕ್ಕೆ ಚುಚ್ಚಿ ನಿಲ್ಲಿಸಿ, ಎರಡೂ ಕೈ ಚೀಲಕ್ಕೆ ಹಾಕಿ ಫೋನು ಹುಡುಕಿದೆ. ಅಮ್ಮ. ಸದ್ದು ಬಂದ್ ಮಾಡಿ ತಲೆಯೆತ್ತಿದೆ.

ಚಹಾದ ಪಾತ್ರೆ ಹಿಡಿದು ಬರುತ್ತಿದ್ದ ಅಜ್ಜಿ ನಡುಕೋಣೆಯಲ್ಲೇ ನಿಂತುಬಿಟ್ಟಿದ್ದರು. ಅವರ ಕಣ್ಣು ಅಕ್ಕನ ಜಾಗದ ಮೇಲಿತ್ತು. ಅಲ್ಲಿ ಬಿಳಿ ಅನ್ನದ ಬಟ್ಟಲು, ಅದರ ನಡುವೆ ನೆಟ್ಟಗೆ ನಿಂತ ಎರಡು ಕಡ್ಡಿ. ಅಜ್ಜಿ ಪಾತ್ರೆಯನ್ನು ಕೆಳಗಿಟ್ಟು, ನನ್ನ ಕಡೆ ನೋಡದೆ, ಅವನ್ನು ಕಿತ್ತು ತೆಗೆಯಲು ಬೇಗ ಬೇಗ ಬಂದರು.

"ನೇ," ಎಂದರು ಭಾವ. "ಇರಲಿ, ಬಿಡಿ." ಕನ್ನಡದಲ್ಲೇ ಹೇಳಿದರು. ಅಜ್ಜಿಗೆ ಅರ್ಥವಾಯಿತು. ಚಾಚಿದ ಕೈ ಹಿಂದಕ್ಕೆ ಹೋಯಿತು.

"ಎಂತ ಆಯ್ತು ಭಾವ? ನಾನು ಎಂತ ಮಾಡಿದೆ?"

ಅವರು ಬಟ್ಟಲನ್ನೇ ನೋಡುತ್ತಾ, ನನಗೆ ನಿಯಮ ಹೇಳಿಕೊಡುವ ಅದೇ ಧ್ವನಿಯಲ್ಲಿ ತೊಡಗಿದರು. "ಅನ್ನಕ್ಕೆ ಹೀಗೆ ಕಡ್ಡಿ ಚುಚ್ಚಿ ನಿಲ್ಲಿಸಬಾರದು. ಇವರಲ್ಲಿ ಸತ್ತವರಿಗೆ ಇಡುವ ಅನ್ನಕ್ಕೆ ಮಾತ್ರ ಹೀಗೆ ಮಾಡುದು." ಮುಂದಿನ ಮಾತಿಗೆ ಧ್ವನಿ ಬೇರೆಯಾಗಿತ್ತು. "ಮೊದಮೊದಲು ಒಮ್ಮೆ ನಾನೂ ಹೀಗೇ ಚುಚ್ಚಿದ್ದೆ ಮಾರಾಯ್ತಿ. ಅವಳು ಕೈಗೆ ಪೆಟ್ಟು ಕೊಟ್ಟು ತೆಗೆಸಿದ್ಲು. 'ರೀ, ಅಪಶಕುನ! ನೀವು ನೂರು ವರ್ಷ ಇರ್ಬೇಕು' ಹೇಳಿದ್ಲು. ತನ್ನದು ಎಷ್ಟು ವರ್ಷ ಅಂತ ಹೇಳ್ಲಿಲ್ಲ."

ನಾನು ಫೋನನ್ನು ಚೀಲದ ತಳಕ್ಕೆ ತುರುಕಿದೆ.

ಭಾವ ಲೋಟದಿಂದ ಅಂಗೈಗೆ ಒಂದಿಷ್ಟು ಬಾರ್ಲಿ ಚಹಾ ಹಾಕಿಕೊಂಡರು. ಮುಂದಕ್ಕೆ ಬಾಗಿ ಅಕ್ಕನ ಬಟ್ಟಲಿನ ಸುತ್ತ ಬಿಟ್ಟರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಯಾವತ್ತಿನ ಹಾಗೆ ಬಲದಿಂದ ಅಲ್ಲ, ಉಲ್ಟಾ ಸುತ್ತಿದರು. ನಮ್ಮಲ್ಲಿ ತೀರಿಕೊಂಡವರಿಗೆ ಮಾತ್ರ ಹಾಗೆ ಸುತ್ತುತ್ತಾರೆ. ಸುತ್ತು ಸರಿಯಾಗಿ ಕೂಡಲಿಲ್ಲ. ನಡುವೆ ಸ್ವಲ್ಪ ಜಾಗ ಬಿಟ್ಟುಹೋಯಿತು. ಅವರು ಇನ್ನೊಂದು ಹನಿ ಹಾಕಿ ಅದನ್ನು ಕೂಡಿಸಿದರು. ಆಮೇಲೆ ಮುಖ ಮುಚ್ಚಿಕೊಂಡು ಅತ್ತರು. ಆ ಕೋಣೆಯಲ್ಲಿ, ಅಷ್ಟು ಜನರ ನಡುವೆ, ಸದ್ದು ಮಾಡಿಯೇ ಅತ್ತರು. ಪಕ್ಕದ ಮೇಜಿನ ಉದ್ದ ಕಾಲಿನವರು ಕಾಲು ಮಡಚಿಕೊಂಡು ತಲೆ ತಗ್ಗಿಸಿ ಕೂತರು. ಅಜ್ಜಿ ಚಾಪೆಯ ಮೇಲೆ ಮಂಡಿಯೂರಿ, ಆ ಬಟ್ಟಲಿಗೆ ತಲೆ ಬಾಗಿಸಿ ಹಾಗೆಯೇ ಇದ್ದರು. ಮೇಜು ಒರಸಲಿಲ್ಲ.

ಸುಮಾರು ಹೊತ್ತಿನ ಮೇಲೆ ಭಾವ ತಮ್ಮ ಪಾಲಿನ ಅನ್ನವನ್ನು ಕೈಗೆತ್ತಿಕೊಂಡರು. ಅಕ್ಕನದನ್ನು ಕೇಳಲಿಲ್ಲ. "ಅಮ್ಮನಿಗೆ ಫೋನ್ ಮಾಡು," ಎಂದರು. "ಬರ್ತೇನೆ ಹೇಳು. ಪುರೋಹಿತರಿಗೆ ಹೇಳ್ಲಿ. ಅಡುಗೆಗೆ ಹಾಗಲಕಾಯಿ ಬೇಡ, ಅವಳಿಗೆ ಆಗುದಿಲ್ಲ." ಒಂದು ತುತ್ತು ಉಂಡು ಮತ್ತೆ ಹೇಳಿದರು, "ಆಗ್ತಾ ಇರ್ಲಿಲ್ಲ."

ನಾನು ಹೊರಗೆ ಹೋಗಿ, ನಾಲೆಯ ದಂಡೆಯಲ್ಲಿ ನಿಂತು ಅಮ್ಮನಿಗೆ ಹೇಳಿದೆ. ಆ ಕಡೆ ಅಮ್ಮ ಅತ್ತರು. ಈ ಕಡೆ ನಾನು ಅಳಲಿಲ್ಲ. ಅಕ್ಕ ಹೋದ ದಿನದಿಂದ ನನಗೆ ಕೈತುಂಬ ಕೆಲಸ. ಅಮ್ಮನನ್ನು ಸಮಾಧಾನ ಮಾಡಬೇಕು, ಭಾವನನ್ನು ದಾರಿಗೆ ತರಬೇಕು, ಅವರ ಲೋಟಕ್ಕೆ ಸುರಿಯಬೇಕು. ಅಳಲು ಪುರುಸೊತ್ತಾದರೂ ಎಲ್ಲಿತ್ತು? ಅಂತೂ ಒಂದು ವರ್ಷದ ಕೆಲಸ ಮುಗಿಯಿತು ಎಂದುಕೊಂಡು ಬೂಟು ಬಿಚ್ಚಿ ಒಳಗೆ ಬಂದೆ. ಭಾವ ಬಾಗಿಲ ಬಳಿ ಮೆಟ್ಟಿಲ ಮೇಲೆ ಕೂತು ಬೂಟು ಹಾಕಿಕೊಳ್ಳುತ್ತಿದ್ದರು. ಅಜ್ಜಿ ಎಂದಿನಂತೆ ಮುಂದಿನ ತಿಂಗಳಿಗೆ ಎಷ್ಟು ಜನ ಎಂದು ಕೇಳಿದರು.

ಭಾವ ಲೇಸು ಕಟ್ಟುತ್ತಾ, ತಲೆಯೆತ್ತದೆ ಹೇಳಿದರು: "ಟ್ವೇ." ಎರಡು.

ಭಾವ ಒಂದು, ನಾನು ಒಂದು, ಎರಡು. ಸರಿಯಾದ ಲೆಕ್ಕ! ಇಡೀ ವರ್ಷ ಅವರ ಬಾಯಲ್ಲಿ ಬರಲೆಂದು ನಾನು ಹಂಬಲಿಸಿದ ಲೆಕ್ಕ. ಅದು ಕಿವಿಗೆ ಬಿದ್ದ ಕೂಡಲೇ ನನಗೆ ಏನಾಯಿತೋ ತಿಳಿಯದು. ಹೆಬ್ಬೆರಳಿನವರೆಗೂ ತೂತಿಲ್ಲದ ಅಕ್ಕನ ಸಾಕ್ಸಿನಲ್ಲಿ ಆ ಮರದ ನೆಲದ ಮೇಲೆ ನಿಂತಿದ್ದೆ.

"ಡ್ರೀ," ಎಂದೆ. "ಮೂರು ಭಾವ. ಮೂರು ಹೇಳಿ." ಅಷ್ಟು ಹೇಳುವಷ್ಟರಲ್ಲಿ ಕಟ್ಟೆ ಒಡೆದು ಹೋಯಿತು. ಒಂದು ವರ್ಷದ ಅಳು ಒಟ್ಟಿಗೇ ಬಂತು. ಅಕ್ಕಾ ಎಂದು ಚಿಕ್ಕ ಮಗುವಿನ ಹಾಗೆ ಕರೆದು ಅತ್ತೆ.

ಅಜ್ಜಿ ಒಳಗೆ ಓಡಿ ಹೋಗಿ ಬಿಸಿ ಟವೆಲೊಂದನ್ನು ತಂದು ನನಗೆ ಕೊಟ್ಟರು. ನಾನು ಅಳುತ್ತಲೇ, ಕಲಿತ ಪಾಠದಂತೆ, ಅದರಲ್ಲಿ ಬೆರಳುಗಳನ್ನು ಒಂದೊಂದಾಗಿ ಒರಸಿಕೊಳ್ಳತೊಡಗಿದೆ. ಭಾವ ಒಂದು ಬೂಟು ಹಾಕಿಕೊಂಡು, ಇನ್ನೊಂದನ್ನು ಬಿಟ್ಟು ಎದ್ದು ಬಂದರು. ಟವೆಲನ್ನು ನನ್ನ ಕೈಯಿಂದ ತೆಗೆದು, ಬಿಡಿಸಿ, ನನ್ನ ಕೆನ್ನೆಗೆ ಒತ್ತಿ ಹಿಡಿದರು.

"ಮುಖಕ್ಕೆ ಮಾರಾಯ್ತಿ," ಎಂದರು. "ಮುಖಕ್ಕೆ."